ಸೊಪ್ಪು ಸೋಸುವ ಕೈ

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕೆಲಸ ಇದೆ. ಈ ಮೇಜಿನ ಮೇಲೆ ಆರು ಕಟ್ಟು ದಂಟಿನ ಸೊಪ್ಪು, ನಾಲ್ಕು ಕಟ್ಟು ಸಬ್ಬಸಿಗೆ ಇದೆ. ಬೆಳಿಗ್ಗೆ ದೇವರಾಜ ಮಾರುಕಟ್ಟೆಯಿಂದ ತಂದೆ. ಒಂದೊಂದು ಸಾಲಿಗೆ ಒಂದೊಂದು ಕಟ್ಟು ಹೋಗಲಿ, ಜೊತೆಗೆ ಒಂದು ಹಳೇ ಪೇಪರ್. ನಾನು ಮಾತಾಡ್ತಾ ಇರುತ್ತೇನೆ, ನೀವು ಸೋಸ್ತಾ ಇರಿ. ಗೊತ್ತಿಲ್ಲದವರು ಪಕ್ಕದವರನ್ನು ಕೇಳಿ. ದಂಟಿನ ಎಲೆ ಬಿಡಿಸಿ, ಹಳದಿ ಆದದ್ದು, ಹುಳ ತಿಂದದ್ದು ಬೇರೆ ಇಡಿ. ಕಾಂಡವನ್ನು ಮುರಿದು ನೋಡಿ. ಚಟ್ ಅಂತ ಮುರಿದರೆ ಎಳೆಯದು. ಬಾಗಿದರೆ ಬಲಿತದ್ದು, ಮೇಲಿನ ನಾರು ಸುಲಿದರೆ ಒಳಗಿನದು ಅಡುಗೆಗೆ ಬರುತ್ತದೆ. ಸಬ್ಬಸಿಗೆಯ ದಪ್ಪ ಕಡ್ಡಿ ಮಾತ್ರ ತೆಗೆದರೆ ಸಾಕು.

ಯಾಕೆ ಈ ಕೆಲಸ ಅಂತ ಆಮೇಲೆ ಹೇಳುತ್ತೇನೆ.

ನನಗೆ ಈಗ 58 ವರ್ಷ. ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. 11 ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಶೇಕಡಾ 6.3 ಬಂತು. 5.7ರಿಂದ 6.4ರ ತನಕ ಸಕ್ಕರೆ ಕಾಯಿಲೆಯ ಹೊಸ್ತಿಲು. 6.5 ಆದರೆ ಕಾಯಿಲೆಯೇ. ನಮ್ಮಪ್ಪನಿಗೆ ಈ ಕಾಯಿಲೆ ಇತ್ತು. ಕೊನೆಗೆ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆ ಗಾಯಕ್ಕೆ ದಿನಾ ಪಟ್ಟಿ ಕಟ್ಟುತ್ತಿದ್ದವನು ನಾನು. ಹಾಗಾಗಿ ಆ ಚೀಟಿಯಲ್ಲಿ 6.3 ನೋಡಿದಾಗ ನನಗೆ ಕಂಡದ್ದು ಅಪ್ಪನ ಕಾಲು.

ಇದು ನನ್ನೊಬ್ಬನ ಕಥೆ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ ನಿಂತಿದ್ದಾರೆ ಅಂತ ಅದರ ಲೆಕ್ಕ. ಈ ಸಾಲುಗಳಲ್ಲಿ ಕೂತವರಲ್ಲೂ ಕೆಲವರು ಇರಬಹುದು.

ತರಕಾರಿ, ಕಾಳು, ಸೊಪ್ಪು ಜಾಸ್ತಿ ತಿನ್ನಿ, ಮೈದಾ, ಸಕ್ಕರೆ, ಕರಿದದ್ದು, ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ. ಇದು ಎಲ್ಲರಿಗೂ ಗೊತ್ತಿರುವ ಮಾತು. ತಿಂಗಳುಗಟ್ಟಲೆ ಹಾಗೆ ತಿಂದವರೂ ಬೇಕಾದಷ್ಟು ಜನ ಸಿಗುತ್ತಾರೆ. ಹತ್ತು ವರ್ಷ ತಿಂದವರು ಎಷ್ಟು ಜನ? ನಾನು ಮಾತಾಡಲು ಬಂದಿರುವುದು ಅದರ ಬಗ್ಗೆ.

ಮೊದಲ ಸಲ ನಾನು ಐದು ವಾರ ನಡೆಸಿದೆ. ಒಬ್ಬರು ಒಂದು ಪಟ್ಟಿ ಬರೆದುಕೊಟ್ಟಿದ್ದರು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಬ್ರೊಕೊಲಿ, ಹಸಿ ಎಲೆಗಳ ಸಲಾಡ್, ಆಲಿವ್ ಎಣ್ಣೆ. ಪಟ್ಟಿ ತಪ್ಪಾಗಿತ್ತು ಅಂತ ನಾನು ಹೇಳುವುದಿಲ್ಲ. ಆ ಪದಾರ್ಥಗಳೆಲ್ಲ ಒಳ್ಳೆಯವೇ. ಆದರೆ ನಮ್ಮ ಮನೆಯಲ್ಲಿ ಅವನ್ನು ಅಡುಗೆ ಮಾಡಿ ಗೊತ್ತಿರುವ ಕೈ ಇರಲಿಲ್ಲ. ಎರಡು ಒಲೆ, ಎರಡು ಅಡುಗೆ. ಮನೆಯವರೆಲ್ಲ ಮುದ್ದೆ, ಸಾರು ಉಣ್ಣುವಾಗ ನಾನು ಪಕ್ಕದಲ್ಲಿ ಬಟ್ಟಲು ಹಿಡಿದು ಕೂತಿರುತ್ತಿದ್ದೆ. ಹುಟ್ಟಿದಾಗಿನಿಂದ ಒಟ್ಟಿಗೆ ಉಂಡವನಿಗೆ ಅದು ಬಹಳ ಕಷ್ಟ.

ಎರಡನೇ ಸಲ ನಮ್ಮ ಊರಿನ ಅಡುಗೆಗೇ ವಾಪಸ್ ಹೋದೆ. ನಾವು ಮಂಡ್ಯದ ಕಡೆಯವರು. ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು ನಮಗೆ ಹೊಸದಲ್ಲ. ದಿನಾ ಎರಡು ಕಟ್ಟು ಸೊಪ್ಪು ತಂದು ಅಡುಗೆಮನೆಯಲ್ಲಿ ಇಡುತ್ತಿದ್ದೆ. ರುಚಿ ಚೆನ್ನಾಗಿತ್ತು, ತೂಕವೂ ಇಳಿಯುತ್ತಿತ್ತು. ಮೂರು ತಿಂಗಳು ನಡೆಯಿತು.

ಒಂದು ರಾತ್ರಿ ನನ್ನ ಹೆಂಡತಿ, "ನಾಳೆ ಸೊಪ್ಪು ತರಬೇಡಿ," ಅಂದಳು. ದಿನಾ ತಿಂದು ಬೇಜಾರಾಗಿರಬೇಕು ಅಂದುಕೊಂಡೆ. ಅವಳು ಏನೂ ಹೇಳದೆ ಬಲಗೈ ಮುಂದೆ ಚಾಚಿದಳು. ಹೆಬ್ಬೆರಳಿನ ತುದಿ, ತೋರುಬೆರಳಿನ ಪಕ್ಕ ಎರಡೂ ಕಪ್ಪು ಹಿಡಿದಿದ್ದವು. ಸೊಪ್ಪಿನ ಕರೆ. ಉಗುರಿನ ಸಂದಿಯಲ್ಲಿ ಸಣ್ಣಗೆ ಬಿರುಕು ಬಿಟ್ಟಿತ್ತು, ಸೋಪು ತಾಗಿದರೆ ಉರಿಯುತ್ತಿತ್ತಂತೆ. ಮೂರು ತಿಂಗಳಿಂದ ಅವಳು ಒಬ್ಬಳೇ ದಿನಾ ಮುಕ್ಕಾಲು ಗಂಟೆ ಕೂತು ಸೋಸಿದ್ದಳು. ಅವಳಿಗೂ ಬೆಳಿಗ್ಗೆ ಶಾಲೆಗೆ ಹೋಗಿ ಪಾಠ ಮಾಡುವ ಕೆಲಸ ಇತ್ತು. ಸಕ್ಕರೆ ಹೆಚ್ಚಾಗಿದ್ದದ್ದು ನನಗೆ. ಕೆಲಸ ಹೆಚ್ಚಾಗಿದ್ದದ್ದು ಅವಳಿಗೆ.

ಅವತ್ತಿನಿಂದ ಸೋಸುವುದು ನನ್ನ ಕೆಲಸ ಆಯಿತು. ರಾತ್ರಿ ಊಟ ಆದ ಮೇಲೆ ವಾರ್ತೆ ನೋಡ್ತಾ ಕೂತು ಸೋಸುತ್ತೇನೆ. ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತೇನೆ. ತೊಳೆದು ಇಡಬಾರದು, ಕೊಳೆಯುತ್ತದೆ. ಬೆಳಿಗ್ಗೆ ತೊಳೆದರೆ ಆಯಿತು. ಮೂರನೇ ಸಲ ಶುರು ಮಾಡಿದ್ದು ಹೀಗೆ. ಅದೇ ಇವತ್ತಿನವರೆಗೂ ನಡೀತಾ ಇದೆ, ಹತ್ತು ವರ್ಷದ ಮೇಲಾಯಿತು.

ಇಂಥ ಊಟ ನಿಂತುಹೋಗುವುದು ನಾಲಿಗೆ ಒಪ್ಪದೆ ಅಲ್ಲ ಅಂತ ನನಗೆ ಅರ್ಥ ಆದದ್ದು ಆಗಲೇ. ಸೋಸುವುದು, ಸುಲಿಯುವುದು, ಹೆಚ್ಚುವುದು, ನೆನೆಹಾಕುವುದು ಒಬ್ಬರ ತಲೆ ಮೇಲೆ ಬಿದ್ದಾಗ ನಿಲ್ಲುತ್ತದೆ. ಮನಸ್ಸು ಗಟ್ಟಿ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಕೇಳುವುದು ಒಂದೇ. ನಿಮ್ಮ ಮನೆಯಲ್ಲಿ ಸೊಪ್ಪು ಸೋಸುವವರು ಯಾರು? ಒಬ್ಬರೇ ಆಗಿದ್ದರೆ ಆ ಊಟಕ್ಕೆ ಆಯಸ್ಸು ಕಡಿಮೆ. ಅವರಿಗೆ ಜ್ವರ ಬಂದ ದಿನ, ತವರಿಗೆ ಹೋದ ದಿನ, ಸುಮ್ನೆ ಸುಸ್ತಾದ ದಿನ ಅದು ನಿಂತುಹೋಗುತ್ತದೆ.

ಈಗ ನಿಮ್ಮ ಕೈಯಲ್ಲಿ ಯಾಕೆ ಸೊಪ್ಪಿದೆ ಅಂತ ಗೊತ್ತಾಯಿತು ಅಲ್ವಾ? ಮೂರನೇ ಸಾಲಿನ ಅಣ್ಣ, ಆ ಎಳೆ ಕಾಂಡ ಎಸೆಯಬೇಡಿ. ಅದೇ ರುಚಿ.

ಮಾಡುವ ಕೆಲಸ ಮಾಡಲೇಬೇಕು. ಹಾಗಿದ್ದ ಮೇಲೆ ಒಂದು ಕೆಲಸಕ್ಕೆ ಎರಡು ಅಡುಗೆ ಸಿಗಬೇಕು. ನಮ್ಮ ಹಳೇ ಮೈಸೂರು ಸೀಮೆಯ ಬಸ್ಸಾರು ಹುಟ್ಟಿದ್ದೇ ಈ ಲೆಕ್ಕದಲ್ಲಿ ಅನಿಸುತ್ತದೆ ನನಗೆ. ಎಲ್ಲರಿಗೂ ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಅಲಸಂದೆ ಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹೊಸ ನೀರು ಹಾಕಿ ಬೇಯಿಸಿ. ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು, ಸಬ್ಬಸಿಗೆ, ಉಪ್ಪು ಹಾಕಿ. ನೀರು ಧಾರಾಳವಾಗಿರಲಿ. ಸೊಪ್ಪು ಬೆಂದ ಮೇಲೆ ಆ ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಇದೇ ಕಟ್ಟು. ಬಸಿದದ್ದಕ್ಕೇ ಬಸ್ಸಾರು ಅಂತ ಹೆಸರು. ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ ಸೇರಿಸಿ, ಬೆಂದ ಸೊಪ್ಪು ಕಾಳಿನಲ್ಲಿ ಒಂದು ಹಿಡಿ ಹಾಕಿ ರುಬ್ಬಿ. ಅದನ್ನು ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಬೇಯಿಸಿದ ನೀರು ಮೋರಿಗೆ ಹೋಗಲಿಲ್ಲ. ನೀರಿಗೆ ಇಳಿದ ಸತ್ವ ಸಾರಿನಲ್ಲೇ ಉಳಿಯಿತು. ಒಂದು ಸಲ ಸೋಸಿದ್ದಕ್ಕೆ ಎರಡು ಅಡುಗೆ ಆಯಿತು. ಈ ಸಾರು ಮಾರನೇ ದಿನ ಇನ್ನೂ ರುಚಿ, ಕುದಿಸಿ ಇಟ್ಟರೆ ರಾತ್ರಿಗೂ ಬರುತ್ತದೆ.

ಕೆಲಸದ ದಿನ ಅಷ್ಟೂ ಆಗದಿದ್ದರೆ ಉಪ್ಸಾರು ಮಾಡಿ. ಬಸಿದ ಕಟ್ಟು, ಪಕ್ಕದಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಸೇರಿಸಿ ಅರೆದ ಖಾರ. ಆ ಖಾರ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ನಮ್ಮ ಅವ್ವ ಕಬ್ಬಿನ ಗದ್ದೆಯಿಂದ ಬಂದು ಅರ್ಧ ಗಂಟೆಯಲ್ಲಿ ಮಾಡುತ್ತಿದ್ದ ಅಡುಗೆ ಇದು. ಆರೋಗ್ಯದ ಅಡುಗೆ ಅಂತ ಅವಳು ಮಾಡಲಿಲ್ಲ. ಮನೆ ಹಿತ್ತಲಲ್ಲಿ ಇದ್ದದ್ದು ಅದೇ.

ಇನ್ನು ಎಷ್ಟು ತಿನ್ನಬೇಕು ಅನ್ನುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿದರು. ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆಗೆ ಅವರು ಹೇಳುವುದು ಇಷ್ಟು: ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ. ಎಲ್ಲಾ ಹಸಿ ತೂಕ. ಗಮನಿಸಿ, ಅಕ್ಕಿ, ರಾಗಿ, ಗೋಧಿ ಎಲ್ಲಾ ಸೇರಿದರೂ ತರಕಾರಿಗಿಂತ ಕಡಿಮೆ. ನಮ್ಮ ತಟ್ಟೆಯಲ್ಲಿ ಇದು ತಲೆಕೆಳಗಾಗಿದೆ. ಗುಡ್ಡದಷ್ಟು ಅನ್ನ, ಅಂಚಿನಲ್ಲಿ ಎರಡು ಚಮಚ ಪಲ್ಯ. ಅದೂ ಆಲೂಗಡ್ಡೆ ಪಲ್ಯ ಆದರೆ ಲೆಕ್ಕಕ್ಕೇ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು ತರಕಾರಿ ದಿನಕ್ಕೆ 400 ಗ್ರಾಮಾದರೂ ಇರಲಿ ಅನ್ನುವಾಗ ಆಲೂಗಡ್ಡೆ, ಮರಗೆಣಸಿನಂಥ ಗಡ್ಡೆಗಳನ್ನು ಬಿಟ್ಟೇ ಹೇಳುವುದು.

ನಾನು ತಕ್ಕಡಿ ಇಟ್ಟು ಒಂದು ವಾರ ತೂಗಿದೆ. ನನ್ನ ಮೊದಲಿನ ಊಟದಲ್ಲಿ ದಿನಕ್ಕೆ 150 ಗ್ರಾಂ ತರಕಾರಿಯೂ ಇರಲಿಲ್ಲ. ತರಕಾರಿ ಚೆನ್ನಾಗಿ ತಿನ್ನುತ್ತೇನೆ ಅಂತಲೇ ನಂಬಿದ್ದೆ. ಈಗ ತೂಗುವುದಿಲ್ಲ. ಮುದ್ದೆ ಎರಡರಿಂದ ಒಂದಕ್ಕೆ ಇಳಿಯಿತು, ಪಲ್ಯ ಒಂದು ಸೌಟಿನಿಂದ ಮೂರಕ್ಕೆ ಏರಿತು. ಅಷ್ಟೇ ಲೆಕ್ಕ.

ಮುದ್ದೆ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಗಿ ಚಿನ್ನದಂಥ ಧಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರೈತರು ಅವರನ್ನು ರಾಗಿ ಬ್ರಹ್ಮ ಅಂತಲೇ ಕರೆದರು. ಅವರು ಕೆಲಸ ಮಾಡಿದ ಊರಿನ ಕಡೆಯವನು ಅನ್ನುವ ಹೆಮ್ಮೆ ನನಗಿದೆ. ಆದರೆ ರಾಗಿಯೂ ಧಾನ್ಯವೇ. ಅನ್ನ ಬಿಟ್ಟು ಮೂರು ಮುದ್ದೆ ನುಂಗಿದರೆ ಸಕ್ಕರೆ ಇಳಿಯುವುದಿಲ್ಲ. ಮುದ್ದೆ ಜೊತೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ ಅನ್ನುವುದು ಮುಖ್ಯ. ಸಿರಿಧಾನ್ಯಕ್ಕೂ ಇದೇ ಮಾತು. ನವಣೆ ಬಿಸ್ಕತ್ತು ಕೊನೆಗೂ ಬಿಸ್ಕತ್ತೇ.

ಪ್ಯಾಕೆಟ್ ತಿಂಡಿ ಬಿಡಿ ಅಂತ ಯಾಕೆ ಹೇಳುತ್ತಾರೆ ಅನ್ನುವುದಕ್ಕೆ ನನಗೆ ಬಹಳ ಹಿಡಿಸಿದ ಒಂದು ಪ್ರಯೋಗ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅನ್ನುವವರು ಮಾಡಿ 2019ರಲ್ಲಿ ಪ್ರಕಟಿಸಿದ್ದು. 20 ಜನರನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಮನೆ ಅಡುಗೆಯಂಥದ್ದು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲಾ ಎರಡೂ ಕಡೆ ಸಮ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ತಿನಿಸಿನ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗ ತಿಂದರು, ತೂಕ ಏರಿತು. ಇನ್ನೊಂದರಲ್ಲಿ ಇಳಿಯಿತು. ಯಾರೂ ಅವರಿಗೆ ಕಡಿಮೆ ತಿನ್ನಿ ಅಂದಿರಲಿಲ್ಲ. ಹೊಟ್ಟೆ ತುಂಬ ಉಣ್ಣುವ ಹಕ್ಕು ಇರುವ ಊಟವನ್ನು ಮಾತ್ರ ಮನುಷ್ಯ ವರ್ಷಗಟ್ಟಲೆ ಉಣ್ಣಬಲ್ಲ ಅಂತ ನನ್ನ ನಂಬಿಕೆ. ನಾನು ಹತ್ತು ವರ್ಷದಲ್ಲಿ ಒಂದು ದಿನವೂ ಹಸಿದು ಮಲಗಿಲ್ಲ.

ಅಭ್ಯಾಸ ಆಗಲು 21 ದಿನ ಸಾಕು ಅನ್ನುವ ಮಾತು ಎಲ್ಲಾ ಕಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು ನೋಡಿದರು. ಊಟದ ಜೊತೆ ಹಣ್ಣು ತಿನ್ನುವಂಥ ಒಂದೊಂದು ಸಣ್ಣ ಅಭ್ಯಾಸ. ತಾನಾಗಿ ಆಗುವ ಮಟ್ಟಕ್ಕೆ ಬರಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ದಿನ. ಅದರಲ್ಲಿ ಇನ್ನೊಂದು ವಿಷಯ ನನಗೆ ತುಂಬಾ ಸಮಾಧಾನ ಕೊಟ್ಟಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ.

ಹಾಗಾಗಿ ಮದುವೆ ಊಟ, ಹಬ್ಬದ ಒಬ್ಬಟ್ಟು ನನಗೆ ಶತ್ರು ಅಲ್ಲ. ತಂಗಿ ಮಗಳ ಮದುವೆಯಲ್ಲಿ ಪಾಯಸ ಬಿಟ್ಟು ಕೂತರೆ ಬಡಿಸುವವರಿಗೂ ನೋವು, ನನಗೂ ನೋವು. ಬಾಳೆ ಎಲೆ ಮೇಲೆ ಮೊದಲು ಬರುವುದು ಏನು? ಕೋಸಂಬರಿ, ಪಲ್ಯ. ಅನ್ನ ಬರುವ ಮೊದಲು ಅವನ್ನು ಎರಡು ಸಲ ಹಾಕಿಸಿಕೊಳ್ಳುತ್ತೇನೆ. ಮಾರನೇ ದಿನ ಬೆಳಿಗ್ಗೆ ಮತ್ತೆ ನಮ್ಮ ಸಾರು. ಅಂದ ಹಾಗೆ ನಾವು ಮಾಂಸ ತಿನ್ನುವ ಮನೆಯವರು. ಎರಡು ವಾರಕ್ಕೊಮ್ಮೆ ಕೋಳಿ ಸಾರು ಇದ್ದೇ ಇದೆ. ಅದರ ಜೊತೆಗೂ ಒಂದು ಸೊಪ್ಪಿನ ಪಲ್ಯ ಇರುತ್ತದೆ.

ಶುರು ಮಾಡುವವರು ಹೊಟ್ಟೆಯ ಮಾತನ್ನೂ ಕೇಳಬೇಕು. ಕಾಳು ತಿಂದು ಅಭ್ಯಾಸ ಇಲ್ಲದವರು ಒಂದೇ ಸಲ ಹುರುಳಿ, ಕಡಲೆಗೆ ಇಳಿದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಹೆಸರುಕಾಳಿನಿಂದ ಶುರು ಮಾಡಿ. ನೆನೆಹಾಕಿದ ನೀರು ಚೆಲ್ಲಿ. ಎರಡು ಮೂರು ವಾರದಲ್ಲಿ ಹೊಟ್ಟೆ ಹೊಂದಿಕೊಳ್ಳುತ್ತದೆ. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟ ಆದ ತಕ್ಷಣ ಕಾಫಿ ಕುಡಿದರೆ ಅಷ್ಟು ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರು ಬಿ12 ವಿಟಮಿನ್ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಅದು ಸೊಪ್ಪಿನಲ್ಲಿ ಸಿಗುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ನನ್ನ ಮಾತು ಕೇಳಿ ಸೊಪ್ಪು ಹೆಚ್ಚಿಸಬೇಡಿ. ಮೊದಲು ವೈದ್ಯರನ್ನು ಕೇಳಿ. ಸಕ್ಕರೆ ಮಾತ್ರೆ ತಗೊಳ್ಳುವವರೂ ಅಷ್ಟೇ, ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಈಗ ನಿಮ್ಮ ಪ್ರಶ್ನೆ.

ಮುಂದೆ ಕೂತಿದ್ದ ಒಬ್ಬರು ಅಮ್ಮ ಕೇಳಿದರು: "ನಾವು ವಿಜಯಪುರದ ಕಡೆಯವರು. ಮುದ್ದೆ, ಬಸ್ಸಾರು ನಮ್ಮಲ್ಲಿ ಇಲ್ಲ. ನಾವೇನು ಮಾಡಬೇಕು?"

ಅಮ್ಮ, ನೀವು ಏನೂ ಕಲಿಯಬೇಕಾಗಿಲ್ಲ, ನಾವೇ ನಿಮ್ಮಿಂದ ಕಲಿಯಬೇಕು. ನಾನು ಎರಡು ವರ್ಷ ಬಾಗಲಕೋಟೆಯಲ್ಲಿ ಕೆಲಸ ಮಾಡಿದ್ದೇನೆ. ಜೋಳದ ರೊಟ್ಟಿ ತಟ್ಟೆಯ ಪಕ್ಕ ಹಸಿ ಮೆಂತ್ಯ, ಮೂಲಂಗಿ, ಸೌತೆ, ಉಳ್ಳಾಗಡ್ಡಿ ಇಡುತ್ತಿದ್ದರು. ಮೆಂತ್ಯ ಸೊಪ್ಪನ್ನು ಹಸಿದಾಗಿ ತಿನ್ನಬಹುದು ಅಂತ ನನಗೆ ಗೊತ್ತಾದದ್ದೇ ಅಲ್ಲಿ. ಪುಂಡಿಪಲ್ಯ, ಕಾಳಿನ ಪಲ್ಯ, ಗುರೆಳ್ಳು ಹಿಂಡಿ ಬೇರೆ. ಮಲೆನಾಡಿನವರಿಗೆ ತಂಬುಳಿ ಇದೆ. ಒಂದೆಲಗ ರುಬ್ಬಿ ಮಜ್ಜಿಗೆಗೆ ಕಲಸಿದರೆ ಮುಗಿಯಿತು, ಒಲೆಯ ಕೆಲಸವೂ ಕಡಿಮೆ. ಕರಾವಳಿಯವರಿಗೆ ಬಸಳೆ, ಹರಿವೆ. ನಿಮ್ಮ ಅಜ್ಜಿ ವಾರದ ದಿನ ಏನು ಮಾಡುತ್ತಿದ್ದರೋ ಅಲ್ಲಿಂದ ಶುರು ಮಾಡಿ. ಹಬ್ಬದ ದಿನದ್ದು ಬೇಡ.

ಒಬ್ಬ ಹುಡುಗ ಕೇಳಿದ: "ಅಂಕಲ್, ನಾನು ಬೆಂಗಳೂರಲ್ಲಿ ರೂಮ್ ಮಾಡ್ಕೊಂಡಿದ್ದೀನಿ. ಸೋಸೋಕೆ ಟೈಮ್ ಇಲ್ಲ."

ನನ್ನ ಮಗಳು ಜರ್ಮನಿಯಲ್ಲಿದ್ದಾಳೆ, ಅವಳದ್ದೂ ಇದೇ ಪಾಡು. ಅವಳು ಭಾನುವಾರ ಅಲಸಂದೆ ಕಾಳು ಒಂದೇ ಸಲ ಬೇಯಿಸಿ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕುತ್ತಾಳೆ. ಅಲ್ಲಿ ದಂಟು ಸಿಗುವುದಿಲ್ಲ. ಮಾಂಗೋಲ್ಡ್ ಅಂತ ಒಂದು ಸೊಪ್ಪು ಸಿಗುತ್ತದೆ, ಅದಕ್ಕೆ ಹೆಪ್ಪುಗಟ್ಟಿಸಿದ ಪಾಲಕ್ ಸೇರಿಸಿ ಬಸ್ಸಾರು ಮಾಡುತ್ತಾಳೆ. ಬರೀ ಪಾಲಕ್ ಹಾಕಿದರೆ ಲೋಳೆ ಆಗುತ್ತದಂತೆ. ಹೆಪ್ಪುಗಟ್ಟಿಸಿದ ತರಕಾರಿ ಕೆಟ್ಟದ್ದಲ್ಲ. ಸೋಸುವ ಕೆಲಸವೇ ಇಲ್ಲದ ತರಕಾರಿಗಳೂ ಇವೆ ಮಗ. ಹೀರೇಕಾಯಿ, ಸೋರೆಕಾಯಿ, ಬೀನ್ಸ್, ಎಲೆಕೋಸು, ಕ್ಯಾರೆಟ್. ವಾರದ ದಿನ ಅವು, ರಜೆ ದಿನ ಸೊಪ್ಪು. ರೂಮಿನಲ್ಲಿ ಇಬ್ಬರಿದ್ದರೆ ಹೆಚ್ಚುವವನು ಒಬ್ಬ, ಪಾತ್ರೆ ತೊಳೆಯುವವನು ಒಬ್ಬ ಅಂತ ಮೊದಲೇ ಮಾತಾಡಿಕೊಳ್ಳಿ.

ಇನ್ನೊಬ್ಬರು ಕೇಳಿದ್ದು ಔಷಧಿ ಹೊಡೆದ ತರಕಾರಿ ಬಗ್ಗೆ. ಆ ಭಯ ನನಗೂ ಇದೆ. ಅಗಲ ಪಾತ್ರೆಯಲ್ಲಿ ನೀರು ತುಂಬಿ ಮೂರು ಸಲ ಜಾಲಿಸಿ ತೊಳೆಯುತ್ತೇವೆ. ನಲ್ಲಿ ಕೆಳಗೆ ಹಿಡಿದರೆ ಮಣ್ಣೂ ಸರಿಯಾಗಿ ಹೋಗುವುದಿಲ್ಲ. ಆಯಾ ಕಾಲದ್ದನ್ನೇ ತರುತ್ತೇವೆ. ಮೆಂತ್ಯ, ಹರಿವೆ ತಾರಸಿಯ ಕುಂಡದಲ್ಲಿ ಹಾಕಿದರೆ ಮೂರು ನಾಲ್ಕು ವಾರಕ್ಕೆ ಕೀಳಬಹುದು. ಭಯಪಟ್ಟು ಸೊಪ್ಪು ಬಿಟ್ಟು ಬ್ರೆಡ್ಡಿಗೆ ಹೋಗುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಕೊನೆಗೆ ಹಿಂದಿನ ಸಾಲಿನ ಒಬ್ಬರು ಎದ್ದು, "ಈಗ ನಿಮ್ಮ ಸಕ್ಕರೆ ಎಷ್ಟು?" ಅಂದರು. ಹೋದ ತಿಂಗಳು 5.8 ಇತ್ತು. ಹೊಸ್ತಿಲು ಪೂರ್ತಿ ದಾಟಿ ಆಚೆ ಬಂದಿಲ್ಲ, ಆದರೆ ಹನ್ನೊಂದು ವರ್ಷದಲ್ಲಿ ಒಳಕ್ಕೂ ಕಾಲಿಟ್ಟಿಲ್ಲ. ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ, ಅದರ ಪಾಲೂ ಇದೆ.

ಅಷ್ಟು ಹೊತ್ತಿಗೆ ಪೇಪರುಗಳು ಮುಂದಕ್ಕೆ ಬರತೊಡಗಿದವು. ಹತ್ತು ಕಟ್ಟು ಸೊಪ್ಪು, ನಲವತ್ತು ಜನ. ಹೆಚ್ಚಿನ ಸಾಲುಗಳಲ್ಲಿ ಕಾಲು ಗಂಟೆಗೇ ಮುಗಿದಿತ್ತಂತೆ, ಮಾತು ಮುಗಿಯಲಿ ಅಂತ ಕಾದಿದ್ದರಂತೆ. ಜೀವನದಲ್ಲಿ ಮೊದಲ ಸಲ ಸೊಪ್ಪು ಮುಟ್ಟಿದ್ದು ಅಂತ ಇಬ್ಬರು ಹೇಳಿದರು. ಇಬ್ಬರೂ ಅರವತ್ತು ದಾಟಿದ ಗಂಡಸರು. ಒಬ್ಬರು ಕರೆ ಹತ್ತಿದ ಹೆಬ್ಬೆರಳನ್ನು ಹೆಂಡತಿಗೆ ತೋರಿಸುತ್ತಿದ್ದರು. ಸೋಸಿದ್ದನ್ನೆಲ್ಲ ಎರಡು ಚೀಲಕ್ಕೆ ತುಂಬಿದೆವು. ಒಂದನ್ನು ವಾಚನಾಲಯ ನೋಡಿಕೊಳ್ಳುವ ಅಕ್ಕ ತೆಗೆದುಕೊಂಡರು, ಅವರ ಮನೆಯಲ್ಲಿ ಎಂಟು ಜನ. ಇನ್ನೊಂದು ನಮ್ಮ ಮನೆಗೆ ಬಂತು. ಅಲಸಂದೆ ರಾತ್ರಿಯೇ ನೆನೆದಿತ್ತು.